ಬೇಲಿಯೊಳಗಿನ ಜಾಲಿ ಕಟ್ಟಿಗೆ

ಹೋದ ವಾರ ಮೊಮ್ಮಗಳು ಪಲ್ಲವಿಯನ್ನು ಕರೆದುಕೊಂಡು ಹೊಸಪೇಟೆಯಿಂದ ಸಂಡೂರಿನ ಬಸ್ಸಿನಲ್ಲಿ ಬರುತ್ತಿದ್ದೆ. ಅವಳಿಗೆ ಬೇಸಿಗೆ ರಜೆ. ಮುಂದಿನ ಎರಡು ಹಲ್ಲು ಬಿದ್ದಿವೆ. ಆ ಸಂದಿಯಲ್ಲಿ ನಾಲಿಗೆ ತೂರಿಸಿಕೊಂಡು, ಎದುರಿಗೆ ಬರುವ ಅದಿರಿನ ಲಾರಿಗಳನ್ನು ಎಣಿಸುತ್ತ ಕೂತಿದ್ದಳು. ಬಸ್ಸು ಗುಡ್ಡಗಳ ನಡುವೆ ಬಂದಾಗ ಬಲಗಡೆಯ ಇಳಿಜಾರಿನಲ್ಲಿ ಒಣಹುಲ್ಲಿಗೆ ಬೆಂಕಿ ಬಿದ್ದಿತ್ತು. ಹೊಗೆಯ ವಾಸನೆ ಕಿಟಕಿಯಿಂದ ಒಳಗೆ ಬಂದದ್ದೇ ತಡ, ನನ್ನ ಕೈ ತಾನಾಗಿ ಸೆರಗು ಹಿಡಿದು ಹುಡುಗಿಯ ಮೂಗು ಬಾಯಿ ಮುಚ್ಚಿಬಿಟ್ಟಿತು.

"ಅಜ್ಜೀ, ಬಿಡು, ಉಸುರು ಕಟ್ತೈತಿ," ಎಂದು ಅವಳು ಕೊಸರಿಕೊಂಡಳು. ಮುಂದಿನ ಸೀಟಿನ ಹೆಂಗಸು ತಿರುಗಿ, ಹುಲ್ಲಿನ ಹೊಗೆಗೆ ಇಷ್ಟೊಂದು ಹೆದರಿದರೆ ಹೆಂಗಮ್ಮ ಅಂದಳು. ಹೌದು, ಬರೀ ಹುಲ್ಲಿನ ಹೊಗೆ. ಆದರೆ ನನ್ನ ಕೈಗೆ ಅದು ಗೊತ್ತಿಲ್ಲ.

ನನ್ನ ಮೊಮ್ಮಗಳ ಮಾತು ತೆಗೆದರೆ ನನ್ನ ಬಾಯಿ ನಿಲ್ಲುವುದಿಲ್ಲ. ಎರಡನೆಯ ಕ್ಲಾಸು ಮುಗಿಸಿದ್ದಾಳೆ. ಈ ವರ್ಷ ಕಂಪ್ಲಿಯ ಶಾಲೆಯ ಆಟೋಟದಲ್ಲಿ ಗಂಡುಹುಡುಗರನ್ನೂ ಹಿಂದೆ ಹಾಕಿ ಓಡಿ, ಸ್ಟೀಲಿನ ಡಬ್ಬಿಯೊಂದನ್ನು ಗೆದ್ದಳು. ನಾನು ಚಪ್ಪಾಳೆ ತಟ್ಟಿದ ರಭಸಕ್ಕೆ ಟೀಚರ್ ಬಂದು, ಅಮ್ಮಾ ಸ್ವಲ್ಪ ಕುಂದ್ರಿ ಅಂದರು. ಕುಂತೆ. ಮತ್ತೆ ಎದ್ದೆ. ಯಾರು ಏನಾದರೂ ಅಂದುಕೊಳ್ಳಲಿ. ನಾನು ಓದಿದ್ದು ನಾಲ್ಕನೇ ಇಯತ್ತೆ, ಒಂದು ಹಾಳೆ ಬರೆಯುವಷ್ಟರಲ್ಲಿ ಬೆರಳು ಹಿಡಿದುಕೊಳ್ಳುತ್ತವೆ. ಆದರೂ ಆ ಮಗು ಹುಟ್ಟಿದ ಬೇಸಿಗೆಯನ್ನು ನಾನೇ ಬರೆದಿಡಬೇಕು, ಬೇರೆಯವರ ಬಾಯಿಂದ ಅದು ಅವಳ ಕಿವಿಗೆ ಬೀಳಬಾರದು ಎಂದು ಬಸ್ಸಿನಲ್ಲೇ ತೀರ್ಮಾನ ಮಾಡಿದೆ.

ನಮ್ಮ ಊರು ಸಂಡೂರಿನಿಂದ ಚೋರನೂರಿನ ಕಡೆಗೆ ಹೋಗುವ ದಾರಿಯಲ್ಲಿ, ಗುಡ್ಡದ ಬುಡದಲ್ಲಿದೆ. ಗುಡ್ಡದ ಪಕ್ಕದ ಬಯಲಿನಲ್ಲಿ ಹಿಂದೆ ಅದಿರು ತೊಳೆಯುವ ಪ್ಲಾಂಟ್ ಇತ್ತು. ನಮ್ಮ ಯಜಮಾನರು ಅಲ್ಲಿ ಪಂಪಿನ ಕೆಲಸದಲ್ಲಿದ್ದರು. ವರ್ಷಗಟ್ಟಲೆ ಆ ಸದ್ದಿನ ಪಕ್ಕ ನಿಂತು ಕಿವಿ ಕಳೆದುಕೊಂಡರು. ಅದಿರಿನ ಕೆಸರು ಹರಿಯುವ ದಪ್ಪ ಪೈಪಿಗೆ ಹಳದಿ ಬಣ್ಣದ ಒಂದು ಡಬ್ಬಿ ಕಟ್ಟಿದ್ದರಂತೆ, ನಮ್ಮ ಅನ್ನದ ತಪ್ಪಲೆಯಷ್ಟು. ಪೈಪು ಬಿಚ್ಚದೆಯೇ ಒಳಗಿನ ಕೆಸರು ಗಟ್ಟಿಯೋ ತೆಳುವೋ ಎಂದು ಅದು ನೋಡಿ ಹೇಳುತ್ತಿತ್ತಂತೆ. ಕೂಲಿಯವರು ಅದಕ್ಕೆ ಕಣ್ಣು ಎಂದೇ ಹೆಸರಿಟ್ಟಿದ್ದರು. ಕಣ್ಣಿನೊಳಗೆ ಕಾಳಿನಷ್ಟು ವಿಕಿರಣದ ವಸ್ತು ಇದೆ, ಸುತ್ತ ಸೀಸ ತುಂಬಿದ್ದಾರೆ, ಅದರ ಮುಂದೆ ನಿಂತು ಹರಟಬೇಡಿ ಎಂದು ಸಾಹೇಬರು ಹೇಳುತ್ತಿದ್ದರಂತೆ. ಯಜಮಾನರು ಊಟಕ್ಕೆ ಕೂತಾಗ ಇದನ್ನೆಲ್ಲ ಹೇಳಿದರೆ ನಾನು ಹೂಂ ಅನ್ನುತ್ತ ರೊಟ್ಟಿ ತಟ್ಟುತ್ತಿದ್ದೆ.

ಗಣಿ ನಿಂತಿತು, ಪ್ಲಾಂಟಿಗೆ ಬೀಗ ಬಿತ್ತು. ಕಬ್ಬಿಣ ಕದಿಯುವವರು ಪೈಪು ಕೊಯ್ದರು. ಸೀಸದ ಆಸೆಗೆ ಕಣ್ಣನ್ನೂ ಒಡೆದರು. ಒಳಗಿದ್ದದ್ದು ಚೂರಾಗಿ ಮಣ್ಣಿಗೆ ಬಿತ್ತು. ಗೊತ್ತಾಗುವಷ್ಟರಲ್ಲಿ ಒಂದು ಮಳೆಗಾಲ ಕಳೆದಿತ್ತು. ಆಮೇಲೆ ಮೈತುಂಬ ಬಿಳಿ ಬಟ್ಟೆ, ಮುಖಕ್ಕೆ ಮುಸುಕು ಹಾಕಿಕೊಂಡವರು ಬಂದು, ಮೇಲುಮಣ್ಣು ಕೆರೆದು ಡ್ರಮ್ಮುಗಳಲ್ಲಿ ತುಂಬಿಕೊಂಡು ಹೋದರು. ಇನ್ನೂ ಸ್ವಲ್ಪ ನೆಲದಲ್ಲಿ ಇಳಿದಿದೆ ಎಂದು ಸುತ್ತ ಮುಳ್ಳುತಂತಿ ಬಿಗಿದರು. ಮೂರು ರೆಕ್ಕೆಯ ಫ್ಯಾನಿನಂಥ ಗುರುತಿನ ಬೋರ್ಡು ನೆಟ್ಟರು. ಒಳಗೆ ದನ ಬಿಡಬಾರದು, ಹುಲ್ಲು ಕಟ್ಟಿಗೆ ತರಬಾರದು ಎಂದು ಆಟೋಕ್ಕೆ ಮೈಕು ಕಟ್ಟಿ ಊರೆಲ್ಲ ಸಾರಿದರು.

ಕುಡುಗೋಲು ಕಾಣದ ಆ ನೆಲದಲ್ಲಿ ಹುಲ್ಲು ಎದೆಮಟ್ಟ ಬೆಳೆಯಿತು. ಬಳ್ಳಾರಿ ಜಾಲಿ ಒತ್ತೊತ್ತಾಗಿ ಎದ್ದಿತು. ಬೇಲಿಯ ಹೊರಗೆ ಆಡು ಕೆರೆದ ಕೆಂಪು ನೆಲ, ಒಳಗೆ ಅಷ್ಟು ದಟ್ಟ ಹಸಿರು. ಗಾಳಿ ಇಲ್ಲದ ಮಧ್ಯಾಹ್ನಗಳಲ್ಲೂ ಆ ಹುಲ್ಲು ಸುಯ್ಯೆನ್ನುತ್ತದೆ ಎಂದು ಕುರಿ ಕಾಯುವವರು ಹೇಳುತ್ತಿದ್ದರು.

ಆ ವರ್ಷ ಮಗಳು ರೇಣುಕಾ ಚೊಚ್ಚಲ ಬಸುರಿ. ಕಂಪ್ಲಿಗೆ ಕೊಟ್ಟ ಹುಡುಗಿ, ಹೆರಿಗೆ ನಮ್ಮ ಮನೆಯದ್ದೇ. ನಮ್ಮ ಕಡೆ ಬಾಣಂತಿಗೆ ಶೇಕ ಕೊಡಬೇಕು. ಹೊರಸಿನ ಕೆಳಗೆ ಅಗ್ಗಿಷ್ಟಿಗೆಯಲ್ಲಿ ಕೆಂಡ ಇಟ್ಟು, ತಾಯಿ ಮಗು ಇಬ್ಬರನ್ನೂ ಬೆಚ್ಚಗಿಡಬೇಕು. ಬಿಸಿನೀರಿನ ಹಂಡೆಯಂತೂ ಒಲೆಯಿಂದ ಇಳಿಯುವುದೇ ಇಲ್ಲ. ಹಾಗಾಗಿ ಮಗಳು ಬರುವ ಮೊದಲೇ ಕಟ್ಟಿಗೆಯ ಒಟ್ಟು ಹಿತ್ತಲಲ್ಲಿ ನಿಂತಿರಬೇಕು. ಓಣಿಯ ಹೆಂಗಸರು ಬಂದು ಆ ಒಟ್ಟು ನೋಡಿಯೇ ತವರಿನ ತೂಕ ಹೇಳುತ್ತಾರೆ. ಮನೆಯಲ್ಲಿ ಗ್ಯಾಸು ಇದ್ದರೂ ಗ್ಯಾಸಿನಿಂದ ಕೆಂಡ ಬರುತ್ತದೆಯೇ? ಆ ವರ್ಷ ಇದ್ದಿಲು ಸುಡುವವರು ಸುತ್ತಲಿನ ಜಾಲಿಯನ್ನೆಲ್ಲ ಬೋಳಿಸಿಕೊಂಡು ಹೋಗಿದ್ದರು. ಉಳಿದದ್ದು ಬೇಲಿಯೊಳಗಿನದು ಮಾತ್ರ.

ನಾನು ಹೋದೆ. ಈಗ ಬರೆಯುವಾಗ ಕೈ ತಡೆಯುತ್ತದೆ, ಆದರೆ ಹೋದದ್ದು ನಾನೇ. ಕೆಟ್ಟದ್ದು ಮಣ್ಣಿನಲ್ಲಿದೆ, ಮಣ್ಣು ಕೆರೆದು ಒಯ್ದಿದ್ದಾರೆ, ಮೇಲೆ ನಿಂತ ಗಿಡಕ್ಕೇನು ಎಂದುಕೊಂಡೆ. ಅದೂ ಅಲ್ಲದೆ ಬೆಂಕಿಗೆ ಹಾಕಿದ ಮೇಲೆ ಯಾವ ಮೈಲಿಗೆ ತಾನೇ ಉಳಿಯುತ್ತದೆ? ಹುಟ್ಟಿದಾಗಿನಿಂದ ಹಾಗೆಂದೇ ನಂಬಿದವಳು ನಾನು. ಸೂತಕದ ಬಟ್ಟೆ, ಹೊಲಸು, ರೋಗ, ಎಲ್ಲವನ್ನೂ ಬೆಂಕಿ ತಿಂದು ಬಿಳಿ ಬೂದಿ ಮಾಡಿ ಕೊಡುತ್ತದೆ. ಆ ಬೂದಿಯನ್ನೇ ಹಣೆಗೆ ಹಚ್ಚಿಕೊಳ್ಳುತ್ತೇವೆ.

ಮೊದಮೊದಲು ತಂತಿಯ ಅಂಚಿನಲ್ಲೇ ತೆಳ್ಳನೆಯ ಟೊಂಗೆ ಕಡಿದೆ. ಕೊನೆಯ ಎರಡು ಸಲ ಧೈರ್ಯ ಬಂದು ನಡುವಿಗೆ ಹೋದೆ, ಹಳೆಯ ಪಂಪಿನ ಕಟ್ಟೆ ಇದ್ದ ಜಾಗಕ್ಕೆ. ಅಲ್ಲಿ ತೊಡೆಗಾತ್ರದ ಬೊಡ್ಡೆಗಳಿದ್ದವು. ಕೊಡಲಿ ಎತ್ತಿದಾಗ ಪಕ್ಕದಲ್ಲೇ ಒಂದು ಮೊಲ ಕೂತಿತ್ತು. ಓಡಿಹೋಗಲಿಲ್ಲ. ಬೊಡ್ಡೆಗೆ ಏಟು ಬಿದ್ದರೂ ಕಿವಿಯನ್ನಷ್ಟೇ ಆಡಿಸಿ ನನ್ನನ್ನೇ ನೋಡುತ್ತಿತ್ತು. ಮನುಷ್ಯರೆಂದರೆ ಏನೆಂದೇ ಅದಕ್ಕೆ ಮರೆತುಹೋಗಿತ್ತು. ಹೊರೆ ಕಟ್ಟಿ, ಸಿಂಬೆ ಇಟ್ಟು, ಹಿಂದೆ ನೋಡದೆ ಬಂದೆ. ಆ ದಪ್ಪ ಬೊಡ್ಡೆಗಳು ದಿನದ ಶೇಕಕ್ಕೆ ದಂಡ, ತೊಟ್ಟಿಲಿಗೆ ಹಾಕುವ ದಿನ ಊರೂಟದ ಒಲೆಗೆ ಬೇಕು ಎಂದು ಹಿತ್ತಲ ಮೂಲೆಯಲ್ಲಿ ತಗಡು ಮುಚ್ಚಿ ಇಟ್ಟೆ. ಎಲ್ಲಿಂದ ತಂದೆ ಎಂದು ಯಜಮಾನರು ಕೈಯಾಡಿಸಿ ಕೇಳಿದರು. ಇದ್ದಿಲಿನವರ ಹತ್ತಿರ ಕೊಂಡೆ ಎಂದು ಸನ್ನೆ ಮಾಡಿದೆ.

ಹೊಸಪೇಟೆಯ ಆಸ್ಪತ್ರೆಯಲ್ಲಿ ಹೆರಿಗೆಯಾಯಿತು. ಹೆಣ್ಣು. ನರ್ಸು ತಂದು ಕೈಗೆ ಕೊಟ್ಟಾಗ ಬಿಸಿ ರೊಟ್ಟಿ ಹಿಡಿದ ಹಾಗಾಯಿತು. ಆ ಕೂದಲು, ಆ ಹುಬ್ಬು! ಆಸ್ಪತ್ರೆಯ ಬಾಗಿಲು ಕಾಯುವವರಿಂದ ಹಿಡಿದು ಟಿ.ಬಿ. ಡ್ಯಾಮಿನ ಬಸ್ಸಿಗೆ ಕಾಯುತ್ತಿದ್ದವರವರೆಗೂ ಎಲ್ಲರಿಗೂ ಪೇಡೆ ಹಂಚಿದೆ. ಐದನೆಯ ದಿನ ಮನೆಗೆ ಕರೆತಂದು ಹೊರಸಿನ ಕೆಳಗೆ ಕೆಂಡ ಇಟ್ಟೆ. ಜಾಲಿಯ ತೆಳು ಟೊಂಗೆ ಚಟಚಟ ಉರಿದು ಒಳ್ಳೆಯ ಕೆಂಡವಾಗುತ್ತಿತ್ತು. ಮೇಲೆ ಅಜವಾನ ಉದುರಿಸಿ, ಮಗುವನ್ನು ಆ ಹೊಗೆಯ ಮೇಲೆ ಒಂದು ಸುತ್ತು ಆಡಿಸುತ್ತಿದ್ದೆ. ಮಗು ಮೂಗರಳಿಸುತ್ತಿತ್ತು. ನಾನು ಹಿಗ್ಗುತ್ತಿದ್ದೆ.

ಬೆಂಕಿ ಬಂದದ್ದು ಮಗುವಿಗೆ ಹತ್ತು ದಿನವಾದಾಗ. ಮಳೆಗೆ ಮುಂಚೆ ಹೊಸ ಹುಲ್ಲು ಚಿಗುರಲಿ ಎಂದು ಗುಡ್ಡಕ್ಕೆ ಕಡ್ಡಿ ಗೀರುವುದು ನಮ್ಮಲ್ಲಿ ಹಳೆಯ ಚಾಳಿ. ಯಾರು ಗೀರಿದರೋ ಇವತ್ತಿಗೂ ಗೊತ್ತಿಲ್ಲ. ಬೆಳಗ್ಗೆ ಗುಡ್ಡದ ನೆತ್ತಿಯಲ್ಲಿ ಒಂದು ಎಳೆಯಂತೆ ಕಂಡದ್ದು, ಮಧ್ಯಾಹ್ನದ ಹೊತ್ತಿಗೆ ಗಾಳಿ ತಿರುಗಿ ಕೆಳಗೆ ಓಡಿಬಂತು. ಬೇಲಿಯ ತಂತಿ ಬೆಂಕಿಗೇನು ಲೆಕ್ಕ? ಎದೆಮಟ್ಟದ ಆ ಹುಲ್ಲಿಗೆ ಹಾರಿದಾಗ ಎದ್ದ ಸದ್ದು, ಸಾವಿರ ಜನ ಒಟ್ಟಿಗೆ ಉಸಿರೆಳೆದ ಹಾಗೆ ಊರಿಗೆಲ್ಲ ಕೇಳಿಸಿತು.

ಹೊಗೆ ಊರಿನ ಮೇಲೆ ಬಂತು. ನಡುಹಗಲಿಗೆ ಸೂರ್ಯ ತಿಕ್ಕದ ತಾಮ್ರದ ತಟ್ಟೆಯಂತೆ ಮಂಕಾದ. ಕೋಳಿಗಳು ಗೂಡು ಸೇರಿದವು. ನಾಯಿಯೊಂದೂ ಬೊಗಳಲಿಲ್ಲ. ಆಮೇಲೆ ಅಂಗಳಕ್ಕೆ ಬೂದಿ ಇಳಿಯತೊಡಗಿತು. ಪುಡಿಪುಡಿ ಬೂದಿಯಲ್ಲ, ಒಂದೊಂದೂ ಇಡೀ ಹುಲ್ಲಿನ ಎಳೆ, ಅದರ ನರ, ಅದರ ತುದಿ, ಎಲ್ಲ ಹಾಗೇ ಇದೆ, ಬಣ್ಣ ಮಾತ್ರ ಬಿಳಿ. ನಿಧಾನಕ್ಕೆ ತಿರುಗುತ್ತ ಬಂದು ತುಳಸಿ ಕಟ್ಟೆಯ ಮೇಲೆ, ಒಣಹಾಕಿದ ಮಗುವಿನ ಬಟ್ಟೆಯ ಮೇಲೆ ಕೂರುತ್ತಿದ್ದವು. ಮುಟ್ಟಿದರೆ ಏನೂ ಇಲ್ಲ. ಬೆರಳ ಮೇಲೆ ಬಿಳಿ ಗೆರೆಯಷ್ಟೇ.

ಮೈಕಿನ ಆಟೋ ಮತ್ತೆ ಬಂತು. ಬಾಗಿಲು ಮುಚ್ಚಿಕೊಳ್ಳಿ, ತೆರೆದಿಟ್ಟ ನೀರು ಚೆಲ್ಲಿ ಎಂದು ಕೂಗಿತು. ಬೆಂಕಿ ಆರಿದ ಮಾರನೆಯ ದಿನ ಬಿಳಿ ಬಟ್ಟೆಯವರೂ ಬಂದರು. ಕರಿ ನೆಲದ ಮೇಲೆ ಸಾಲಾಗಿ, ಮಾತಿಲ್ಲದೆ, ಒಂದೊಂದೇ ಹೆಜ್ಜೆ ಇಟ್ಟು ನಡೆಯುತ್ತಿದ್ದರು. ಅವರ ನಡುವೆ ಸುಟ್ಟ ಬೊಡ್ಡೆಗಳು ಇನ್ನೂ ಹೊಗೆಯಾಡುತ್ತಿದ್ದವು. ಬೋರ್ಡು ಮಾತ್ರ ಸುಡದೆ ನಿಂತಿತ್ತು. ಅವರಲ್ಲೊಬ್ಬ ಹೆಣ್ಣುಮಗಳು, ನಮ್ಮ ರೇಣುಕಾಳಿಗಿಂತ ನಾಲ್ಕೈದು ವರ್ಷ ದೊಡ್ಡವಳಿರಬಹುದು, ಮುಸುಕು ತೆಗೆದು ಊರಕಟ್ಟೆಯ ಹತ್ತಿರ ಜನರನ್ನು ಕೂಡಿಸಿ ತಿಳಿಸಿ ಹೇಳಿದಳು. ಎಲ್ಲರೂ ಮೇಡಂ ಎನ್ನುತ್ತಿದ್ದರು. ಮಣ್ಣಿನಲ್ಲಿರುವುದನ್ನು ಗಿಡ ನೀರಿನ ಜೊತೆ ಕುಡಿದು ಮೈಯಲ್ಲಿ ಇಟ್ಟುಕೊಳ್ಳುತ್ತದೆ, ಉರಿದಾಗ ಅಷ್ಟು ಹೊಗೆಯಲ್ಲಿ ಹೋಗುತ್ತದೆ, ಉಳಿದದ್ದು ಬೂದಿಯಲ್ಲಿ ಗಟ್ಟಿಯಾಗುತ್ತದೆ ಎಂದಳು. ನಾನು ಹಿಂದಿನಿಂದ ಕೇಳಿದೆ, ಬೆಂಕಿಗೆ ಬಿದ್ದದ್ದು ಸುಟ್ಟುಹೋಗುವುದಿಲ್ಲವೇ ಎಂದು.

"ಇಲ್ರಿ ಅಮ್ಮ," ಎಂದಳು. "ಬೆಂಕಿ ಇದನ್ನ ಸುಡೂದಿಲ್ಲ. ಹೊತ್ಕೊಂಡು ಹೋಗ್ತೈತಿ, ಅಷ್ಟ."

ಮನೆಗೆ ಹೇಗೆ ಬಂದೆನೋ. ನೇರ ಒಳಗೆ ಹೋಗಿ ಒಂದು ಕೊಡ ನೀರನ್ನು ಅಗ್ಗಿಷ್ಟಿಗೆಗೆ ಸುರಿದೆ. ಬುಸ್ಸೆಂದು ಹಬೆ ಎದ್ದು ಕೋಣೆ ತುಂಬಿತು. ರೇಣುಕಾ ಬೆಚ್ಚಿ ಎದ್ದು, ಹುಚ್ಚು ಹಿಡಿದಿದೆಯಾ ಎಂದು ಬೈದಳು. ಮಗುವಿನ ಎದೆಯನ್ನೇ ನೋಡುತ್ತಿದ್ದೆ. ಏರುತ್ತಿತ್ತು, ಇಳಿಯುತ್ತಿತ್ತು. ಆರು ದಿನ ನಾನೇ ನನ್ನ ಕೈಯಾರೆ ಆ ಹೊಗೆಯನ್ನು ಆ ಎದೆಗೆ ಊಡಿಸಿದ್ದೆ.

ಹೇಳಬೇಕು. ಹೇಳಿದರೆ ಮಗಳ ಮುಖ ನೋಡುವುದು ಹೇಗೆ? ಬೀಗರು ಸುಮ್ಮನಿರುತ್ತಾರೆಯೇ? ಹೊಗೆ ಇಡೀ ಊರಿಗೆ ಬಂದಿದೆ, ಮಗುವಿಗೆ ಏನಾದರೂ ಆದರೆ ಗುಡ್ಡದ ಬೆಂಕಿಯ ಮೇಲೆ ಹೋಗುತ್ತದೆ, ನನ್ನ ಕಟ್ಟಿಗೆಯನ್ನು ಯಾರು ಕೇಳುತ್ತಾರೆ? ಇಂಥ ಯೋಚನೆ ಬಂದದ್ದೂ ನಿಜ. ಬಚ್ಚಿಡುವುದಿಲ್ಲ.

ಅದೇ ಮಧ್ಯಾಹ್ನ ಕಂಪ್ಲಿಯಿಂದ ಬೀಗಿತಿ ಶಾರದಮ್ಮ ಬಂದಿಳಿದರು. ಬೆಂಕಿಯ ಸುದ್ದಿ ಕೇಳಿ ಮೊದಲ ಬಸ್ಸು ಹಿಡಿದಿದ್ದರು. ಸೊಸೆಯ ಕೋಣೆಗೆ ಬಂದು ಹೊರಸಿನ ಕೆಳಗೆ ಕೈಯಿಟ್ಟು ನೋಡಿದರು. ಶೇಕವಿಲ್ಲ. ಕಂಪ್ಲಿಯ ಮಂದಿ ಅಂದ ಮೇಲೆ ಕೇಳಬೇಕೇ, ಮಾತಿಗಿಂತ ಮೊದಲು ಕೈ ಓಡುತ್ತದೆ. ನಾನು ಚಹಾಕ್ಕೆ ಇಡುವಷ್ಟರಲ್ಲಿ ಹಿತ್ತಲಿಗೆ ಹೋಗಿ, ತಗಡು ಎತ್ತಿ, ತೊಡೆಗಾತ್ರದ ಬೊಡ್ಡೆಯೊಂದನ್ನು ಎದೆಗೆ ಅವಚಿಕೊಂಡು ಒಳಗೆ ಬಂದರು.

"ಇಂಥಾ ಬಂಗಾರದಂಥ ಕಟ್ಟಿಗಿ ಮುಚ್ಚಿಟ್ಟು, ಬಾಣಂತೀನ ತಣ್ಣಗ ಕುಂದ್ರಿಸಿರಲ್ಲ ಅಕ್ಕಾರ," ಎಂದರು. "ಯಾರಿಗೆ ಉಳಿಸಾಕತ್ತೀರಿ?"

ನಾನು ಆ ಬೊಡ್ಡೆಯನ್ನು ಅವರ ಕೈಯಿಂದ ಕಿತ್ತು ಅಂಗಳಕ್ಕೆ ಎಸೆದೆ.

"ಅದು ಬೇಲಿ ಒಳಗಿಂದು," ಎಂದೆ. "ಇಷ್ಟು ದಿನ ಉರಿಸಿದ್ದೂ ಅದ."

ರೇಣುಕಾ ಮಗುವನ್ನು ಎತ್ತಿಕೊಂಡು ಹೊರಸಿನಿಂದ ಇಳಿದು, ಗೋಡೆಗೆ ಬೆನ್ನು ಕೊಟ್ಟು ಕೂತಳು. ಸಮಾಧಾನ ಹೇಳಲು ಹತ್ತಿರ ಹೋದೆ.

"ನನ್ನ ಕೂಸಿನ ಮುಟ್ಟಬ್ಯಾಡ," ಎಂದಳು. ದನಿ ಏರಿಸಲಿಲ್ಲ.

ಶಾರದಮ್ಮ ತಮ್ಮ ಎದೆಯ ಮೇಲಿನ ತೊಗಟೆಯ ಚೂರು ಕೊಡವಿಕೊಂಡು, ಸೀರೆ ನೋಡಿಕೊಂಡು, ಚಪ್ಪಲಿ ಮೆಟ್ಟಿ ಮೇಡಂನ ಕರೆಯಲು ತಾವೇ ಹೋದರು.

ಮೇಡಂ ತಂದ ವಿಕಿರಣ ಅಳೆಯುವ ಯಂತ್ರ ಕೈಯಲ್ಲಿ ಹಿಡಿಯುವಷ್ಟು ಚಿಕ್ಕದು. ಹೊಸ್ತಿಲು ದಾಟುವಾಗಲೇ ಅದು ಲೊಚ್, ಲೊಚ್ ಎಂದು ಬಿಟ್ಟು ಬಿಟ್ಟು ನುಡಿಯುತ್ತಿತ್ತು, ಗೋಡೆಯ ಹಲ್ಲಿಯ ಹಾಗೆ. ಇದು ಎಲ್ಲ ಕಡೆಯೂ ಇಷ್ಟು ನುಡಿಯುತ್ತದೆ, ಹೆದರಬೇಡಿ ಎಂದಳು. ನಾನು ಎಷ್ಟು ಸಲ ಹೋದೆ, ಎಲ್ಲಿ ಕಡಿದೆ ಎಂದು ಹೇಳುತ್ತ ಹೋದಂತೆ ಅದು ನಡುನಡುವೆ ಲೊಚಗುಟ್ಟುತ್ತಿತ್ತು. ಹಲ್ಲಿ ನುಡಿದರೆ ಹೇಳಿದ ಮಾತು ಸತ್ಯ ಅನ್ನುತ್ತೇವಲ್ಲ, ಹಾಗೆ. ತೆಳು ಟೊಂಗೆಗಳ ಹತ್ತಿರ ತುಸು ಬೇಗ ನುಡಿಯಿತು. ಒದ್ದೆ ಬೂದಿಯ ಹತ್ತಿರ ಇನ್ನೂ ತುಸು ಬೇಗ. ಹೊರೆ ಹೊತ್ತ ನನ್ನ ಸಿಂಬೆಯ ಹತ್ತಿರವೂ ಹಾಗೆ. ಆಮೇಲೆ ಹಿತ್ತಲ ಮೂಲೆಯ ಬೊಡ್ಡೆಗಳ ಕಡೆಗೆ ಕೈ ಚಾಚಿದಳು. ಮಂಡಕ್ಕಿ ಭಟ್ಟಿಯಲ್ಲಿ ಅಕ್ಕಿ ಒಮ್ಮೆಲೇ ಸಿಡಿದ ಹಾಗೆ ಚರಚರ ಶುರುವಾಯಿತು, ನಿಲ್ಲಲೇ ಇಲ್ಲ. ಯಜಮಾನರಿಗೆ ಆ ಸದ್ದು ಕೇಳುವುದಿಲ್ಲ. ಅವರು ಯಂತ್ರವನ್ನು ನೋಡದೆ ನನ್ನ ಮುಖವನ್ನೇ ನೋಡುತ್ತಿದ್ದರು. ನನ್ನ ಮುಖದಲ್ಲಿ ಅದನ್ನು ಓದಿಕೊಂಡು ನೆಲದ ಮೇಲೆ ಕೂತುಬಿಟ್ಟರು.

"ಇವನ್ನ ಯಾಕ ಉರಿಸಲಿಲ್ರಿ?" ಎಂದು ಮೇಡಂ ಕೇಳಿದಳು.

ತೊಟ್ಟಿಲ ಕಾರ್ಯದ ಅಡಿಗೆಗೆ ಉಳಿಸಿದೆ ಎಂದೆ. ಅವಳು ಒಂದು ಕ್ಷಣ ಕಣ್ಣು ಮುಚ್ಚಿದಳು. ನನ್ನ ಜಿಪುಣತನಕ್ಕೆ ಅವತ್ತು ಕೈಮುಗಿದೆ.

ಕೊನೆಗೆ ಮಗು. ರೇಣುಕಾಳೇ ಬಟ್ಟೆ ಬಿಚ್ಚಿ ತೊಡೆಯ ಮೇಲೆ ಮಲಗಿಸಿಕೊಂಡಳು. ಯಂತ್ರ ಆ ಹೆಬ್ಬೆರಳಿನಷ್ಟು ಪಾದದಿಂದ ಎದೆಗೆ ಬಂತು, ಅಲ್ಲಿ ನಿಂತಿತು. ಬಹಳ ಹೊತ್ತು ನಿಂತಿತು. ಒಂದು ಲೊಚ್. ಮತ್ತೆ ಏನೂ ಇಲ್ಲ. ಇನ್ನೊಂದು. ಎರಡರ ನಡುವಿನ ಆ ಮೌನ ಎಷ್ಟು ಉದ್ದವಿರುತ್ತದೆ ಎಂದು ಕಾಯುವುದೇ ನಮ್ಮ ಕೆಲಸವಾಗಿತ್ತು. ಗೋಡೆಯ ಹತ್ತಿರ ನುಡಿದದ್ದಕ್ಕಿಂತ ಹೆಚ್ಚಿಲ್ಲ ಎಂದು ಮೇಡಂ ಹೇಳಿದಳು.

"ಹಂಪಿ ಬಂಡೆಗಲ್ಲ ಮುಂದ ಹಿಡಿದ್ರ ಇದಕ್ಕಿಂತ ಜಾಸ್ತಿ ಮಾತಾಡ್ತೈತ್ರಿ. ಕಲ್ಲಿನ ಗುಣ ಅದು."

"ಹಂಗಾರ ನಮ್ಮ ವಿರೂಪಾಕ್ಷ ಇಷ್ಟು ವರ್ಷ ಅದರಾಗ ಕುಂತಾನಲ್ಲವ್ವ," ಎಂದು ಶಾರದಮ್ಮ ಕೇಳಿದರು. ಯಾರೂ ನಗಲಿಲ್ಲ. ಆಮೇಲೆ ಮೇಡಂ ನಕ್ಕಳು.

ಆದರೂ ಒಳಗೆ ಹೋಗಿದೆಯೋ ಇಲ್ಲವೋ ಎಂದು ಈ ಯಂತ್ರ ಪೂರ್ತಿ ಹೇಳಲಾರದು, ಮಗುವಿನ ಉಚ್ಚೆ, ತಾಯಿಯ ಹಾಲು ದೊಡ್ಡ ಲ್ಯಾಬಿಗೆ ಹೋಗಬೇಕು ಎಂದು ಶೀಶೆಗಳಲ್ಲಿ ತುಂಬಿಕೊಂಡಳು. ಹಾಲು ಕುಡಿಸುವುದನ್ನು ನಿಲ್ಲಿಸಬೇಡ ಎಂದು ರೇಣುಕಾಳಿಗೆ ಹೇಳಿದಳು. ಬಿಳಿ ಬಟ್ಟೆಯವರು ಬಂದು ಬೊಡ್ಡೆ, ಟೊಂಗೆ, ಬೂದಿ, ಅಗ್ಗಿಷ್ಟಿಗೆ, ನನ್ನ ಸಿಂಬೆ, ನನ್ನ ಸೀರೆ, ಶಾರದಮ್ಮನ ಸೀರೆ, ಎಲ್ಲವನ್ನೂ ದಪ್ಪ ಚೀಲಗಳಲ್ಲಿ ಕಟ್ಟಿ ನಾಲ್ಕು ಜನ ಹಿಡಿದು ಹೊತ್ತು ಒಯ್ದರು. ಓಣಿಯವರು ಬಾಗಿಲ ಸಂದಿಯಿಂದ ನೋಡಿದರು.

ಲ್ಯಾಬಿನ ಉತ್ತರಕ್ಕೆ ಕಾದ ದಿನಗಳು ನನ್ನ ಆಯುಷ್ಯದ ಉದ್ದನೆಯ ದಿನಗಳು. ಮಗು ನೋಡಲು ಯಾರೂ ಬರಲಿಲ್ಲ. ಎದುರುಮನೆಯವಳು ನೀರಿನ ಸರದಿಯಲ್ಲಿ ತನ್ನ ಕೊಡವನ್ನು ನನ್ನದರಿಂದ ಮೊಳದಷ್ಟು ದೂರ ಸರಿಸಿದಳು. ಶಾರದಮ್ಮ ಊರಿಗೆ ಹೋಗಲಿಲ್ಲ. ಗ್ಯಾಸಿನ ಮೇಲೆ ನೀರು ಕಾಯಿಸಿ ಮಗುವಿಗೆ ಅವರೇ ಎರೆಯುತ್ತಿದ್ದರು. ನಾನು ಅಡಿಗೆ ಮಾಡಿ ಬಾಣಂತಿ ಕೋಣೆಯ ಹೊಸ್ತಿಲಲ್ಲಿ ತಟ್ಟೆ ಇಟ್ಟು ಸರಿಯುತ್ತಿದ್ದೆ. ತಟ್ಟೆ ಖಾಲಿಯಾಗಿ ಹೊರಗೆ ಬರುತ್ತಿತ್ತು, ಮಾತು ಬರುತ್ತಿರಲಿಲ್ಲ. ಗೋಡೆಯ ಈಚೆ ಕೂತು ಮಗುವಿನ ಉಸಿರಿಗೆ ಕಿವಿಗೊಡುತ್ತಿದ್ದೆ. ಒಮ್ಮೆ ಸೀನಿದರೆ ಎದ್ದು ಹೊಸ್ತಿಲವರೆಗೆ ಹೋಗಿ ನಿಲ್ಲುತ್ತಿದ್ದೆ. ಮಳೆ ಬಂದರೆ ಮಾಳಿಗೆಯ ನೀರು ಹಿಡಿಯಬೇಡಿ ಎಂದಿದ್ದರು. ಮೊದಲ ಮಳೆಗೆ ಮಾಳಿಗೆಯ ಹರನಾಳಿಗೆಯಿಂದ ಬೂದಿ ಕದಡಿದ, ಹಾಲಿನಂಥ ಬಿಳಿ ನೀರು ಸುರಿದು ಅಂಗಳ ದಾಟಿ ಹೋಯಿತು. ಪ್ರತಿ ವರ್ಷ ಆ ನೀರಿಗೆ ಕೈಯೊಡ್ಡುತ್ತಿದ್ದ ನಾವು ಬಾಗಿಲ ಹಿಂದೆ ನಿಂತು ನೋಡಿದೆವು.

ಒಂದು ಸಂಜೆ ಶಾರದಮ್ಮ ಬೆಳ್ಳುಳ್ಳಿ ಸುಲಿಯುತ್ತ ನನ್ನ ಪಕ್ಕ ಬಂದು ಕೂತರು. ನನ್ನ ಮುಖ ನೋಡದೆ, "ನಾನಾಗಿದ್ರ ಹೇಳ್ತಿದ್ದಿಲ್ರಿ ಅಕ್ಕಾರ," ಎಂದರು. ಅಷ್ಟೇ. ಸುಲಿದ ಬೆಳ್ಳುಳ್ಳಿಯನ್ನು ನನ್ನ ಮುಂದಿದ್ದ ಮೊರಕ್ಕೆ ಸುರಿದು ಎದ್ದು ಹೋದರು.

ಉತ್ತರ ಹಿಡಿದುಕೊಂಡು ಮೇಡಂ ತಾನೇ ಬಂದಳು. ಬಾಗಿಲಲ್ಲೇ ನಿಂತು, ಕಾಗದ ಬಿಚ್ಚುವ ಮೊದಲೇ ಹೇಳಿದಳು, ಮಗುವಿನಲ್ಲಿ ಏನೂ ಇಲ್ಲ, ಹಾಲಿನಲ್ಲೂ ಇಲ್ಲ ಎಂದು. ಯಜಮಾನರು ನನ್ನ ಮುಖ ನೋಡಿದರು. ಏನು ಕಂಡಿತೋ, ಹೆಗಲ ಮೇಲಿನ ಟವೆಲನ್ನು ಕಣ್ಣಿಗೆ ಒತ್ತಿಕೊಂಡು ಹೊರಗೆ ಹೋದರು. ನಾನು ಗೋಡೆ ಹಿಡಿದುಕೊಂಡು ಕೂತೇ ಇದ್ದೆ.

ರೇಣುಕಾ ಕೋಣೆಯಿಂದ ಹೊರಗೆ ಬಂದಳು. ಎಣ್ಣೆ ಹಚ್ಚಿದ ಬರಿಮೈ ಮಗುವನ್ನು ತಂದು ನನ್ನ ಮಡಿಲಿಗೆ ಹಾಕಿದಳು.

"ನೀನ ನೀರು ಎರಿ ಬೇ. ಅತ್ತಿ ಕೈ ಭಾಳ ಮೆತ್ತಗ. ಹಿಂಗ ಬಿಟ್ರ ಕೂಸಿನ ಮೂಗು ಚಪ್ಪಟ್ಟನ ಉಳಿತೈತಿ."

"ಮೂಗು ನಿಮ್ಮಪ್ಪನ ಕಡೀದು, ನನ್ನ ಕೈ ಏನ್ ಮಾಡ್ತೈತಿ," ಎಂದು ಒಳಗಿನಿಂದ ಶಾರದಮ್ಮ ಅಂದರು.

ಬಚ್ಚಲಿಗೆ ಹೋಗಿ ಕಾಲು ಚಾಚಿ ಕೂತೆ. ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು, ಮೂಗು ತೀಡಿ, ಎದೆ ತಿಕ್ಕಿ, ಮೊದಲ ತಂಬಿಗೆ ನೀರು ಹೊಯ್ದೆ. ಕೆಂಪಗಾಗಿ, ಮುಷ್ಟಿ ಬಿಗಿದು, ಓಣಿಯ ಕೊನೆಗೂ ಕೇಳುವ ಹಾಗೆ ಕಿರುಚಿದಳು. ಅಳು ಮುಗಿದಾಗಲೆಲ್ಲ ಎದೆ ತುಂಬ ಗಾಳಿ ಎಳೆದುಕೊಂಡು ಮತ್ತೆ ಶುರು ಮಾಡುತ್ತಿದ್ದಳು. ಪಕ್ಕೆಲುಬು ನನ್ನ ಅಂಗೈಯಲ್ಲಿ ಅರಳಿ ಅರಳಿ ಮುಚ್ಚುತ್ತಿತ್ತು. ಓಣಿಯ ಹೆಂಗಸರು ಒಬ್ಬೊಬ್ಬರೇ ಬಾಗಿಲಿಗೆ ಬಂದು, ಯಾಕೆ ಹಾಗೆ ಅಳಿಸುತ್ತೀಯ, ಸಮಾಧಾನ ಮಾಡಬಾರದೇ ಎಂದರು.

ನಾನು ಸಮಾಧಾನ ಮಾಡಲಿಲ್ಲ. ಇನ್ನೊಂದು ತಂಬಿಗೆ ನೀರು ಸುರಿದೆ.